ಮಳೆಗಾಲದ ಮೆಟ್ಟಿಲು



ಮಲೆನಾಡಿನಲ್ಲೋ ಕರಾವಳಿಯಲ್ಲೋ ನಿಮ್ಮ ಅಜ್ಜನ ಮನೆ ಇದ್ದರೆ, ಈ ಸಲ ಹೋದಾಗ ಅದರ ಹೊರಗಿನ ಮೆಟ್ಟಿಲುಗಳನ್ನು ಎಣಿಸಿ ನೋಡಿ. ಜಗಲಿಯಿಂದ ಅಂಗಳಕ್ಕೆ ಇಳಿಯಲು ಮೂರೋ ನಾಲ್ಕೋ ಇರುತ್ತವೆ. ಹಿತ್ತಿಲ ಬಾಗಿಲಿನಿಂದ ಬಚ್ಚಲಿಗೆ, ಬಾವಿಕಟ್ಟೆಗೆ, ಕೊಟ್ಟಿಗೆಗೆ ಇನ್ನಷ್ಟು. ಅಲ್ಲಿಂದ ಕೆಳಗಿನ ಅಡಿಕೆ ತೋಟಕ್ಕೆ ಹತ್ತು, ಹದಿನೈದು, ಕೆಲವು ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಗುಡ್ಡದ ಇಳಿಜಾರನ್ನು ಕಡಿದು, ಸ್ವಲ್ಪ ಜಾಗ ಮಟ್ಟಮಾಡಿ ಕಟ್ಟಿದ ಮನೆಗಳಿವು. ಮೆಟ್ಟಿಲು ಹತ್ತಿ ಇಳಿಯದೆ ಇಲ್ಲಿ ಒಂದು ಬಿಂದಿಗೆ ನೀರು ಒಳಗೆ ಬರುವುದಿಲ್ಲ, ಒಂದು ಲೋಟ ಹಾಲು ಕರೆಯುವಂತಿಲ್ಲ.

ಮನೆಯೊಳಗಿನ ಮೆಟ್ಟಿಲಿಗೆ ಮಾಡು ಇದೆ. ಹೊರಗಿನದಕ್ಕೆ ಇಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅದು ನೆನೆಯುತ್ತಲೇ ಇರುತ್ತದೆ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಬೀಳುವುದು ಈ ನಾಲ್ಕು ತಿಂಗಳಲ್ಲೇ. ಈ ದಿನಗಳಲ್ಲಿ ಹಳೆಯ ಮನೆಗಳ ಹಿತ್ತಿಲಿನಲ್ಲಿ ಯಾರಾದರೂ ಜಾರಿ ಬೀಳುವುದು ಹೊಸ ಸಂಗತಿಯೇನಲ್ಲ. ಬಿದ್ದವರನ್ನು ಎತ್ತಿ ಕೂರಿಸಿದ ಮೇಲೆ ಮನೆಯವರ ಬಾಯಿಂದ ಬರುವ ಮೊದಲ ಮಾತು: "ನೋಡಿಕೊಂಡು ನಡೀಬಾರದಿತ್ತಾ?" ಎರಡನೆಯ ಮಾತು: "ಗ್ರಹಚಾರ." ಮೊದಲನೆಯದರಲ್ಲಿ ತಪ್ಪು ಬಿದ್ದವರದಾಯಿತು, ಎರಡನೆಯದರಲ್ಲಿ ಗ್ರಹಗಳದಾಯಿತು. ಮೆಟ್ಟಿಲಿನ ವಿಚಾರವನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಾವು ಇಂದು ಮೆಟ್ಟಿಲನ್ನೇ ವಿಚಾರಣೆಗೆ ಕರೆಯೋಣ.

ಇದೇನು ಅಂಥ ದೊಡ್ಡ ವಿಷಯವೇ ಎಂದು ನಿಮಗೆ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೀಡಿದ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಎರಡನೆಯ ಸ್ಥಾನ ಬೀಳುವುದಕ್ಕೇ. ಇವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ನಮ್ಮಂಥ ಕೆಳ ಮತ್ತು ಮಧ್ಯಮ ಆದಾಯದ ದೇಶಗಳವರು. ಅರವತ್ತು ದಾಟಿದವರ ಪಾಲು ಎಲ್ಲಕ್ಕಿಂತ ಹೆಚ್ಚು.

ಈಗ ಮೆಟ್ಟಿಲಿನ ಹತ್ತಿರ ಬರೋಣ. ಮೊದಲು ಅದರ ಕಲ್ಲು. ಮಲೆನಾಡಿನವರು ಜಂಬಿಟ್ಟಿಗೆ ಎನ್ನುವ, ಕರಾವಳಿಯವರು ಮುರಕಲ್ಲು, ಕೆಂಪುಕಲ್ಲು ಎನ್ನುವ ಕಲ್ಲು ಇದು. 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರಿನ ಮೂಲಕ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ಎಂಬಾತ ಇಂದಿನ ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ! ಭೂಮಿಯಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಇನ್ನೊಂದು ಗುಣ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಇದರ ಮೈತುಂಬ ರಂಧ್ರಗಳು. ಮಳೆ ನಿಂತು ಗಂಟೆಗಳಾದರೂ ಕಲ್ಲಿನೊಳಗೆ ನೀರು ಉಳಿದಿರುತ್ತದೆ. ಒಣ ಕಲ್ಲಿನ ಒರಟು ಮೈ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ ನಿಜ. ಆದರೆ ಆ ಒರಟು ಮೈಯ ತಗ್ಗುಗಳೇ ಪಾಚಿಗೆ ತೊಟ್ಟಿಲು.

ಪಾಚಿ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಸಸ್ಯಶಾಸ್ತ್ರ ಓದುವವರು ಅಷ್ಟಕ್ಕೇ ಬಿಡಬಾರದು. ಮೆಟ್ಟಿಲಿನ ಅಂಚಿನಲ್ಲಿ ಮಖಮಲ್ಲಿನಂತೆ ಮೆತ್ತಗೆ ಬೆಳೆದಿರುವುದು ಹಾವಸೆ ಸಸ್ಯ. ಕಾಲಿಗೆ ಸಿಗುವ ನಡುಭಾಗದಲ್ಲಿ ತೆಳ್ಳಗೆ ಹಸಿರು ಬಣ್ಣ ಬಳಿದಂತಿರುವುದು ಹಸಿರು ಶೈವಲ. ಕಪ್ಪಗೆ, ಲೋಳೆಯಂತೆ, ಮುಟ್ಟಿದರೆ ಕೈಗೆ ಅಂಟುವುದು ನೀಲಿ-ಹಸಿರು ಶೈವಲ. ಅದಕ್ಕೆ ಈಗ ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಇದು ಸಸ್ಯವೇ ಅಲ್ಲ, ದ್ಯುತಿಸಂಶ್ಲೇಷಣೆ ನಡೆಸಬಲ್ಲ ಬ್ಯಾಕ್ಟೀರಿಯಾ. ನಾಸ್ಟಾಕ್, ಸೈಟೋನೀಮಾ ಮುಂತಾದವು ಈ ಗುಂಪಿನವು. ಮೂರರಲ್ಲಿ ಜನರನ್ನು ಬೀಳಿಸುವುದರಲ್ಲಿ ನಿಸ್ಸೀಮ ಈ ಮೂರನೆಯದು.

ಏಕೆ? ಈ ಜೀವಿಗಳು ತಮ್ಮ ಕೋಶಗಳ ಸುತ್ತ ಸಕ್ಕರೆಯ ಉದ್ದ ಸರಪಳಿಗಳಿಂದಾದ ಒಂದು ಲೋಳೆಯ ಕವಚವನ್ನು ಕಟ್ಟಿಕೊಳ್ಳುತ್ತವೆ. ಆ ಲೋಳೆ ನೀರನ್ನು ಹೀರಿ ಉಬ್ಬುತ್ತದೆ, ಹೀರಿದ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಬೇಸಿಗೆ ಬಂದಾಗ ಅದೇ ಲೋಳೆ ಒಣಗಿ, ಕಲ್ಲಿನ ಮೇಲಿನ ಒಂದು ಕರಿ ಕಲೆಯಷ್ಟೇ ಆಗುತ್ತದೆ. ಸೈಟೋನೀಮಾದಂಥವು ಸೂರ್ಯನ ಅತಿನೇರಳೆ ಕಿರಣಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಸೈಟೋನೆಮಿನ್ ಎಂಬ ಕಂದು ವರ್ಣದ್ರವ್ಯವನ್ನು ಕವಚದಲ್ಲಿ ತುಂಬಿಕೊಳ್ಳುತ್ತವೆ. ಆ ಕಲೆ ಕಪ್ಪಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಸತ್ತಿದೆ ಎಂದು ನಾವು ಭಾವಿಸುತ್ತೇವೆ. ಸತ್ತಿರುವುದಿಲ್ಲ. ಒಣಗಿಸಿ ಸಂಗ್ರಹಾಲಯದ ಹಾಳೆಗಳ ನಡುವೆ ದಶಕಗಳ ಕಾಲ ಇಟ್ಟಿದ್ದ ನಾಸ್ಟಾಕ್ ನೀರು ತಾಗಿದೊಡನೆ ಮತ್ತೆ ಬೆಳೆಯಲಾರಂಭಿಸಿದ ಉದಾಹರಣೆಗಳಿವೆ. ಹಾಗಿರುವಾಗ ಏಪ್ರಿಲ್‌ನಿಂದ ಜೂನ್‌ವರೆಗಿನ ಎರಡು ತಿಂಗಳು ಅದಕ್ಕೆ ಯಾವ ಲೆಕ್ಕ?

ಇದರಿಂದ ನಮಗೆ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಮಳೆಗಾಲದಲ್ಲಿ ಎಲ್ಲಿ ಜಾರುತ್ತದೆ ಎಂಬುದನ್ನು ಬೇಸಿಗೆಯಲ್ಲೇ ಓದಬಹುದು. ಕರಿ ಕಲೆ ಎಲ್ಲಿದೆಯೋ ಅಲ್ಲಿ.

ಇದೇ ಜೀವಿಯ ಬಂಧುಗಳು ಗದ್ದೆಯ ನೀರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಗೊಬ್ಬರವಾಗಿಸುತ್ತವೆ. ಇದನ್ನು 1939ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟವರು ನಮ್ಮ ದೇಶದವರೇ ಆದ ಪಿ. ಕೆ. ಡೇ. ಗದ್ದೆಯಲ್ಲಿ ಅನ್ನ ಕೊಡುವ ಬಳಗ ಮೆಟ್ಟಿಲಿನಲ್ಲಿ ಸೊಂಟ ಮುರಿಯುತ್ತದೆ. ಹಾಗೆಂದು ಅದನ್ನು ಶತ್ರುವೆಂದು ಕರೆಯುವುದು ಬೇಡ. ಅದು ಇರುವುದು ಅದರ ಜಾಗದಲ್ಲಿ. ಅದಕ್ಕೆ ನೀರನ್ನೂ ನೆರಳನ್ನೂ ಒದಗಿಸಿದವರು ನಾವು.

ನೆರಳಿನ ಮಾತು ಬಂದಾಗ ಒಂದು ಸಣ್ಣ ಎಚ್ಚರಿಕೆ. ಯೂರೋಪಿನ ಪುಸ್ತಕಗಳಲ್ಲಿ, ಅವನ್ನು ಅನುಸರಿಸಿ ಬರೆದ ನಮ್ಮ ಕೆಲವು ಪುಸ್ತಕಗಳಲ್ಲೂ, ಪಾಚಿ ಉತ್ತರ ದಿಕ್ಕಿಗೆ ಬೆಳೆಯುತ್ತದೆ ಎಂದಿರುತ್ತದೆ. ಆ ದೇಶಗಳಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ಅಲ್ಲಿ ಉತ್ತರದ ಗೋಡೆಗೆ ಬಿಸಿಲು ಕಡಿಮೆ. ನಮ್ಮ ಶಿವಮೊಗ್ಗ 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಜೂನ್ 21ರ ಮಧ್ಯಾಹ್ನ ಅಲ್ಲಿ ಸೂರ್ಯ ನೆತ್ತಿಗಿಂತ ಒಂಬತ್ತು ಡಿಗ್ರಿಗೂ ಹೆಚ್ಚು ಉತ್ತರಕ್ಕಿರುತ್ತಾನೆ! ಅಂದಮೇಲೆ ದಿಕ್ಸೂಚಿ ಹಿಡಿದು ಪಾಚಿ ಹುಡುಕುವುದರಲ್ಲಿ ಅರ್ಥವಿಲ್ಲ. ಹಲಸಿನ ಮರದ ನೆರಳು ಎಲ್ಲಿ ಬೀಳುತ್ತದೆ, ಸೂರಿನ ನೀರು ಎಲ್ಲಿ ತೊಟ್ಟಿಕ್ಕುತ್ತದೆ ಎಂಬುದನ್ನು ನೋಡಬೇಕು. ಹಂಚಿನ ಮಾಡಿನ ಸೂರಂಚು ಸಾಮಾನ್ಯವಾಗಿ ಮೊದಲನೆಯ ಅಥವಾ ಎರಡನೆಯ ಮೆಟ್ಟಿಲಿನ ನೇರಕ್ಕೆ ಬಂದಿರುತ್ತದೆ. ಮಳೆ ನಿಂತ ಮೇಲೂ ಆ ಮೆಟ್ಟಿಲಿಗೆ ಹನಿ ಬೀಳುತ್ತಲೇ ಇರುತ್ತದೆ.

ಇನ್ನು ಭೌತಶಾಸ್ತ್ರದ ಪಾಠ. ನೀವು ನಡೆಯುವಾಗ ನಿಮ್ಮ ಪಾದ ನೆಲವನ್ನು ಕೆಳಕ್ಕೆ ಒತ್ತುವುದು ಮಾತ್ರವಲ್ಲ, ಅಡ್ಡಕ್ಕೂ ತಳ್ಳುತ್ತದೆ. ಆ ಅಡ್ಡಬಲವನ್ನು ತಡೆದು ನಿಲ್ಲಿಸುವುದು ಘರ್ಷಣೆ. ಸಮತಟ್ಟಾದ ನೆಲದಲ್ಲಿ ಸಾಮಾನ್ಯ ವೇಗದಿಂದ ನಡೆಯುವಾಗ ಅಡ್ಡಬಲ ಕೆಳಬಲದ ಸುಮಾರು ಐದನೆಯ ಒಂದು ಭಾಗವಿರುತ್ತದೆ. ಅಂದರೆ ಘರ್ಷಣಾಂಕ 0.2ರಷ್ಟಿದ್ದರೆ ನೀವು ಜಾರುವುದಿಲ್ಲ. ಒಣಗಿದ ಒರಟು ಕಲ್ಲು ಇದರ ಎರಡು, ಮೂರು ಪಟ್ಟು ಕೊಡುತ್ತದೆ. ಆದ್ದರಿಂದಲೇ ನಾವು ನಡಿಗೆಯ ಬಗ್ಗೆ ಯೋಚಿಸದೆ ನಡೆಯುತ್ತೇವೆ. ಲೋಳೆಗಟ್ಟಿದ ಕಲ್ಲಿನಲ್ಲಿ ಈ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಕಲ್ಲು ಮತ್ತು ಚಪ್ಪಲಿಯ ನಡುವೆ ನೀರಿನ ತೆಳುಪದರ ಬಂದು ಕುಳಿತರೆ ಎರಡೂ ಪರಸ್ಪರ ತಾಗುವುದೇ ಇಲ್ಲ. ಯಂತ್ರಗಳ ಬೇರಿಂಗಿನಲ್ಲಿ ಎಣ್ಣೆ ಮಾಡುವ ಕೆಲಸವೂ ಇದೇ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟರು. ಪದರದಲ್ಲಿರುವ ದ್ರವ ಎಷ್ಟು ಮಂದವೋ, ಮೇಲಿನ ವಸ್ತು ಎಷ್ಟು ವೇಗವಾಗಿ ಬಂದು ಒತ್ತುತ್ತದೆಯೋ, ಅಷ್ಟು ಕಷ್ಟ ಆ ದ್ರವಕ್ಕೆ ಹೊರಗೆ ಹೋಗುವುದು. ಪಾಚಿಯ ಲೋಳೆ ನೀರಿಗಿಂತ ಎಷ್ಟೋ ಮಂದ. ಅವಸರದಿಂದ ಇಳಿಯುವ ಕಾಲು ವೇಗವಾಗಿ ಬಂದು ಒತ್ತುತ್ತದೆ. ಎರಡೂ ಸೇರಿದರೆ ಹೇಳುವುದೇ ಬೇಡ. ಚಪ್ಪಲಿಯ ಅಡಿಯಲ್ಲಿ ಗೀರುಗಳಿದ್ದರೆ ನೀರು ಅವುಗಳ ಮೂಲಕ ಹರಿದು ಹೋಗುತ್ತದೆ, ಅಡಿ ನೆಲಕ್ಕೆ ತಾಗುತ್ತದೆ. ಹಿತ್ತಿಲ ಬಾಗಿಲಿನ ಹತ್ತಿರ ಯಾವಾಗಲೂ ಬಿದ್ದಿರುವ ಆ ಹಳೆಯ ಹವಾಯಿ ಚಪ್ಪಲಿಯನ್ನು ತಿರುಗಿಸಿ ನೋಡಿ. ಅದರಲ್ಲಿ ಗೀರು ಉಳಿದಿದೆಯೆ? ಹೊರಗೆ ಹಾಕಿಕೊಂಡು ಹೋಗಲು ಯೋಗ್ಯವಲ್ಲ ಎಂದು ಬಿಟ್ಟ ಚಪ್ಪಲಿಯನ್ನೇ ನಾವು ಅತ್ಯಂತ ಜಾರುವ ಜಾಗಕ್ಕೆ ಮೀಸಲಿಡುತ್ತೇವೆ. ಇದು ನನಗೆ ಎಂದೂ ಅರ್ಥವಾಗದ ಮಿತವ್ಯಯ.

"ನಾನು ಹಗುರ, ನನಗೇನೂ ಆಗದು" ಎಂದು ಹೇಳುವ ಹುಡುಗರಿಗೆ ಇನ್ನೊಂದು ನಿಯಮ. ಜಾರುವಿಕೆ ದೇಹದ ತೂಕವನ್ನು ಅವಲಂಬಿಸಿಲ್ಲ. ತೂಕ ಹೆಚ್ಚಾದರೆ ತಳ್ಳುವ ಬಲವೂ ತಡೆಯುವ ಘರ್ಷಣೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಫ್ರಾನ್ಸಿನ ಗಿಯೋಮ್ ಅಮಾಂತೊನ್ 1699ರಲ್ಲೇ ಘರ್ಷಣೆಯ ಈ ನಿಯಮವನ್ನು ಹೇಳಿದ್ದ. ಜಾರುವಾಗ ಎಲ್ಲರೂ ಸಮಾನರು. ಬಿದ್ದ ಮೇಲೆ ಮಾತ್ರ ಸಮಾನರಲ್ಲ.

ಹತ್ತುವಾಗಿಗಿಂತ ಇಳಿಯುವಾಗ ಅಪಾಯ ಹೆಚ್ಚು. ಇಳಿಯುವಾಗ ದೇಹ ಮುಂದಕ್ಕೂ ಕೆಳಕ್ಕೂ ಚಲಿಸುತ್ತಿರುತ್ತದೆ, ಅದನ್ನೆಲ್ಲ ಒಂದೇ ಪಾದ ಹಿಡಿದು ನಿಲ್ಲಿಸಬೇಕು. ಪಾದ ಬಂದು ಕೂರುವುದು ಮೆಟ್ಟಿಲಿನ ಅಂಚಿನ ಹತ್ತಿರ. ಎರಡು ಮೂರು ತಲೆಮಾರು ತುಳಿದ ಮೆಟ್ಟಿಲಿನ ಅಂಚು ದುಂಡಗಾಗಿ ಮುಂದಕ್ಕೆ ಇಳಿಜಾರಾಗಿರುತ್ತದೆ. ಬರಿಯ 5 ಡಿಗ್ರಿ ಇಳಿಜಾರು ಇದ್ದರೂ ಬೇಕಾಗುವ ಘರ್ಷಣಾಂಕ ಸುಮಾರು 0.09ರಷ್ಟು ಹೆಚ್ಚುತ್ತದೆ. ನಿಮ್ಮ ತ್ರಿಕೋನಮಿತಿಯ ಕೋಷ್ಟಕದಲ್ಲಿ 5 ಡಿಗ್ರಿಯ ಟ್ಯಾಂಜೆಂಟ್ ತೆಗೆದು ನೋಡಿ. 0.2 ಸಾಕಿದ್ದ ಕಡೆ ಈಗ 0.3ರ ಹತ್ತಿರ ಬೇಕಾಯಿತು. ಕಾಲು ಮುಂದಕ್ಕೆ ಜಾರಿದರೆ ದೇಹ ಹಿಂದಕ್ಕೆ ಬೀಳುತ್ತದೆ. ಹಿಂದೆ ಇರುವುದು ಮೇಲಿನ ಮೆಟ್ಟಿಲಿನ ಕಲ್ಲಂಚು. ಬೆನ್ನೆಲುಬಿನ ತುದಿಯೋ ತಲೆಯ ಹಿಂಭಾಗವೋ ಅದಕ್ಕೇ ಬಡಿಯುತ್ತದೆ.

ಅಳತೆಯ ಮಾತನ್ನೂ ಹೇಳಬೇಕು. ಮೆಟ್ಟಿಲಿನ ಎರಡು ಎತ್ತರ ಮತ್ತು ಒಂದು ಅಗಲ ಸೇರಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು ಎಂಬ ಸೂತ್ರವನ್ನು 17ನೆಯ ಶತಮಾನದಲ್ಲೇ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಕೊಟ್ಟಿದ್ದ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳ ಮೆಟ್ಟಿಲಿಗೆ ಕನಿಷ್ಠ 25 ಸೆಂಟಿಮೀಟರ್ ಅಗಲ, ಗರಿಷ್ಠ 19 ಸೆಂಟಿಮೀಟರ್ ಎತ್ತರ ಎಂದು ಹೇಳುತ್ತದೆ. ಬ್ಲಾಂಡೆಲನ ಸೂತ್ರದಲ್ಲಿ ಹಾಕಿದರೆ 63 ಸೆಂಟಿಮೀಟರ್. ಸರಿಯಾಗಿ ಒಂದು ಹೆಜ್ಜೆ. ಹಳೆಯ ಮನೆಯ ಹಿತ್ತಿಲಿನ ಮೆಟ್ಟಿಲು ಯಾವ ಸಂಹಿತೆಯನ್ನೂ ನೋಡಿ ಕಟ್ಟಿದ್ದಲ್ಲ. ಸಿಕ್ಕಿದ ಕಲ್ಲು, ಇದ್ದ ಇಳಿಜಾರು. ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಅದರ ಅರ್ಧ. ನಮ್ಮ ಕಾಲು ಮೊದಲ ಎರಡು ಮೆಟ್ಟಿಲಿನಲ್ಲಿ ಒಂದು ಲಯವನ್ನು ಕಲಿತುಬಿಡುತ್ತದೆ, ಮೂರನೆಯದೂ ಹಾಗೆಯೇ ಇರುತ್ತದೆಂದು ನಂಬುತ್ತದೆ. ನಂಬಿಕೆ ಸುಳ್ಳಾದ ಜಾಗದಲ್ಲಿ ಪಾಚಿಯೂ ಇದ್ದರೆ ಮುಗಿಯಿತು.

ಹಾಗಾದರೆ ಹಿಂದಿನವರು ಹೇಗೆ ಬಾಳಿದರು ಎಂದು ನೀವು ಕೇಳಬಹುದು. ಅವರೂ ಬೀಳುತ್ತಿದ್ದರು, ಅದನ್ನು ಮರೆಯಬಾರದು. ಆದರೆ ಒಂದು ವ್ಯತ್ಯಾಸವಿದೆ. ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಗೆ ನಾವು ಚಿತ್ರೀಕರಣಕ್ಕೆ ಹೋಗಿದ್ದೆವು. ದೂರದರ್ಶನದ ಛಾಯಾಗ್ರಾಹಕರಿಗೆ ಪಾಚಿ ಹಿಡಿದ ಮೆಟ್ಟಿಲೆಂದರೆ ಬಲು ಪ್ರೀತಿ. ಹಸಿರು ಚೆನ್ನಾಗಿ ಬರುತ್ತದೆ, ಒದ್ದೆ ಕಲ್ಲು ಹೊಳೆಯುತ್ತದೆ. ಕ್ಯಾಮರಾ ಹೊತ್ತು ಹಿತ್ತಿಲಿಗೆ ಇಳಿಯಲು ಹೊರಟ ನಮ್ಮವರನ್ನು ತಡೆದು ಆ ಮನೆಯ ಹಿರಿಯಮ್ಮ ಹೇಳಿದರು: "ನಡುವೆ ಕಾಲಿಡಬೇಡಿ ಮಾರಾಯ್ರೇ, ಎಡಗಡೆ ಬನ್ನಿ. ಐದನೇದು ಅಲ್ಲಾಡ್ತದೆ, ಅದನ್ನ ಬಿಟ್ಟು ಇಳೀರಿ." ನಾವು ಹಾಗೆಯೇ ಇಳಿದೆವು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಐವತ್ತು ವರ್ಷಗಳಿಂದ ಅದೇ ಮೆಟ್ಟಿಲಿನಲ್ಲಿ ಹಾಲು, ನೀರು, ಹುಲ್ಲು ಹೊತ್ತವರು. ಯಾವ ಕಲ್ಲು ಹೇಗೆ ಎಂಬ ಜ್ಞಾನ ಅವರ ಪಾದದಲ್ಲಿತ್ತು. ಚೌತಿ ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮೊಮ್ಮಕ್ಕಳ ಪಾದದಲ್ಲಿ ಅದಿಲ್ಲ. ಚೌತಿ ಬರುವುದೂ ಮಳೆಗಾಲದಲ್ಲೇ ಅಲ್ಲವೆ?

ಇನ್ನೊಂದು ಬದಲಾವಣೆ ಹೆಚ್ಚು ಗಂಭೀರವಾದದ್ದು. ಹತ್ತಾರು ಜನ ಇದ್ದ ಮನೆಯಲ್ಲಿ ಮೆಟ್ಟಿಲು ದಿನವಿಡೀ ತುಳಿತಕ್ಕೆ ಸಿಗುತ್ತಿತ್ತು. ಜನ ತುಳಿಯುವ ಕಲ್ಲಿನಲ್ಲಿ ಪಾಚಿ ದಪ್ಪವಾಗಿ ನಿಲ್ಲದು. ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು, ಮೆಟ್ಟಿಲು ಕೆರೆಯುವುದು ವರ್ಷದ ಕೆಲಸಗಳಲ್ಲಿ ಒಂದಾಗಿತ್ತು. ಈಗ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಅಜ್ಜ ಅಜ್ಜಿ ಇಬ್ಬರೇ. ಮೆಟ್ಟಿಲನ್ನು ಕೆರೆಯುವ ಕೈಗಳಿಲ್ಲ, ತುಳಿಯುವ ಕಾಲುಗಳು ಕಡಿಮೆ. ಪಾಚಿಗೆ ಇದಕ್ಕಿಂತ ಒಳ್ಳೆಯ ಕಾಲ ಹಿಂದೆ ಬಂದಿರಲಾರದು.

ಆ ಇಬ್ಬರ ದೇಹವನ್ನೂ ಸ್ವಲ್ಪ ಗಮನಿಸಿ. ಇಪ್ಪತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುತ್ತದೆ. ಬೆಳಗಿನ ಜಾವದ ಮಬ್ಬಿನಲ್ಲಿ, ಅದೂ ಕರೆಂಟು ಹೋದಾಗ, ನಿಮಗೆ ಕಾಣುವ ಮೆಟ್ಟಿಲಿನ ಅಂಚು ಅವರಿಗೆ ಕಾಣದು. ಮೇಲೆ ದೂರದ ಗಾಜು, ಕೆಳಗೆ ಓದುವ ಗಾಜು ಇರುವ ಕನ್ನಡಕ ಹಾಕಿದವರಿಗೆ ಇನ್ನೂ ಒಂದು ತೊಂದರೆ. ಮೆಟ್ಟಿಲು ನೋಡಲು ಕಣ್ಣು ಕೆಳಗಿಳಿಸಿದರೆ ಓದುವ ಗಾಜು ಅಡ್ಡ ಬರುತ್ತದೆ, ಒಂದೂವರೆ ಮೀಟರ್ ಕೆಳಗಿನ ಕಲ್ಲು ಮಸುಕಾಗುತ್ತದೆ. ಅಂಥವರು ಕತ್ತು ಬಗ್ಗಿಸಿ ಮೇಲಿನ ಗಾಜಿನಿಂದಲೇ ನೋಡಬೇಕು. ಜಾರಿದ ಮೇಲೆ ಸಾವರಿಸಿಕೊಳ್ಳಲು ಸಿಗುವ ಸಮಯ ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ನೀವು ಇನ್ನೊಂದು ಕಾಲನ್ನು ಊರಿಬಿಡುತ್ತೀರಿ. ಅಜ್ಜಿಯ ಸ್ನಾಯುಗಳಿಗೆ ಅಷ್ಟು ಸಮಯ ಸಾಲದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಗಳ ಸಾಂದ್ರತೆ ಬೇಗ ಕಡಿಮೆಯಾಗುವುದರಿಂದ, ನಿಮಗೆ ತರಚು ಗಾಯವಾಗುವ ಪೆಟ್ಟಿಗೆ ಅವರ ತೊಡೆಮೂಳೆಯ ಕುತ್ತಿಗೆ ಮುರಿಯುತ್ತದೆ. ಮುರಿತಕ್ಕಿಂತ ದೊಡ್ಡದು ಅದರ ನಂತರದ ಹಾಸಿಗೆ. ತಿಂಗಳುಗಟ್ಟಲೆ ಮಲಗಿದರೆ ಬೆನ್ನಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎದೆಗೆ ನ್ಯುಮೋನಿಯಾ. ಬಿದ್ದ ದಿನ ಬದುಕಿದವರು ಇವುಗಳಿಂದ ಸಾಯುತ್ತಾರೆ. "ಬಿದ್ದ ಮೇಲೆ ಏಳಲೇ ಇಲ್ಲ" ಎಂದು ಊರಲ್ಲಿ ಹೇಳುವ ಮಾತಿನ ಹಿಂದೆ ಇರುವುದು ಇದೇ.

ಈಗ ಮಾಡಬಹುದಾದದ್ದು. ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಪೇಟೆಯಲ್ಲಿ ಕೆಲಸಕ್ಕಿರುವ ಮಗ ಊರಿಗೆ ಬಂದು, ಹಳೆಯ ಮೆಟ್ಟಿಲನ್ನು ನೋಡಿ ಮರುಗಿ, ಅದಕ್ಕೆ ಹೊಳೆಯುವ ಟೈಲ್ಸನ್ನೋ ಪಾಲಿಶ್ ಮಾಡಿದ ಗ್ರಾನೈಟನ್ನೋ ಹಾಕಿಸುತ್ತಾನೆ. ನೋಡಲು ಬಹಳ ಚೆನ್ನ. ಮುರಕಲ್ಲಿಗೆ ಜಾರಲು ಪಾಚಿಯಾದರೂ ಬೇಕಿತ್ತು, ಇದಕ್ಕೆ ಬರಿಯ ನೀರು ಸಾಕು. ಒಳ್ಳೆಯ ಮನಸ್ಸಿನಿಂದ, ಸಾಕಷ್ಟು ಹಣ ಖರ್ಚು ಮಾಡಿ, ಮೆಟ್ಟಿಲನ್ನು ಮೊದಲಿಗಿಂತ ಅಪಾಯಕಾರಿಯಾಗಿ ಮಾಡುವುದೆಂದರೆ ಇದೇ. ಹಾಸುಗಲ್ಲು ಹಾಕಿಸುವುದಾದರೆ ಉಳಿಯ ಏಟು ಉಳಿದ ಒರಟು ಕಲ್ಲು ಹಾಕಿಸಬೇಕು. ಸಿಮೆಂಟು ಮಾಡಿಸುವುದಾದರೆ ಗಾರೆಯವರು ಕರಣೆಯಿಂದ ನಯಗೊಳಿಸುವ ಮೊದಲೇ ತಡೆದು, ಹಸಿ ಸಿಮೆಂಟಿನ ಮೇಲೆ ಕಡ್ಡಿ ಪೊರಕೆಯಿಂದ ಅಡ್ಡಗೀರು ಎಳೆಸಬೇಕು. ನಯವಾಗಿ ಮಾಡುವುದೇ ಒಳ್ಳೆಯ ಕೆಲಸ ಎಂದು ಅವರು ನಂಬಿರುತ್ತಾರೆ, ಸ್ವಲ್ಪ ವಾದ ಮಾಡಬೇಕಾದೀತು. ಮೆಟ್ಟಿಲು ಪಕ್ಕಕ್ಕೆ ಅತ್ಯಲ್ಪ ವಾಲಿದ್ದರೆ ನೀರು ನಿಲ್ಲದೆ ಹರಿದುಹೋಗುತ್ತದೆ.

ಹಳೆಯ ಮೆಟ್ಟಿಲನ್ನು ಹಾಗೆಯೇ ಇಟ್ಟುಕೊಳ್ಳುವವರು ಮೇ ತಿಂಗಳಿನಲ್ಲಿ, ಮೊದಲ ಮಳೆಗೆ ಮುಂಚೆ, ಕರಿ ಕಲೆಯನ್ನು ಗಟ್ಟಿ ನಾರಿನ ಬ್ರಷ್ಷಿನಿಂದಲೋ ಮರಳಿನಿಂದಲೋ ಉಜ್ಜಿ ತೆಗೆಯಬೇಕು. ತಂತಿ ಬ್ರಷ್ಷು ಮುರಕಲ್ಲಿನ ಮೈಯನ್ನೇ ಕಿತ್ತು ಹೊಸ ಗುಂಡಿ ಮಾಡುತ್ತದೆ. ಅಲ್ಲಿ ಮುಂದಿನ ವರ್ಷ ಇನ್ನಷ್ಟು ಪಾಚಿ. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ ಹಾಕಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆದರೆ ಜೀವಂತ ಪಾಚಿ ಸಾಯುತ್ತದೆ. ತೇವದಲ್ಲಿ ಬಹಳ ದಿನ ಬಿದ್ದಿದ್ದ ಪೌಡರಿಗೆ ಶಕ್ತಿ ಇರುವುದಿಲ್ಲ. ಎಷ್ಟೇ ಮೊಂಡು ಪಾಚಿಯಾಗಲಿ, ಬ್ಲೀಚಿಂಗ್ ಪೌಡರಿನ ಜೊತೆಗೆ ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಸೇರಿಸಬಾರದು. ಎರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅದರ ವಾಸನೆ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಿ ಉಳಿದ ಮೈಲುತುತ್ತದ ಬೋರ್ಡೋ ದ್ರಾವಣವನ್ನು ಮೆಟ್ಟಿಲಿಗೆ ಹಾಕಬಹುದಲ್ಲ ಎಂಬ ಯೋಚನೆ ತೋಟದ ಮನೆಗಳಲ್ಲಿ ಬರುವುದು ಸಹಜ. ತಾಮ್ರ ಶೈವಲವನ್ನು ಕೊಲ್ಲುವುದು ನಿಜ. ಆದರೆ ಮೆಟ್ಟಿಲ ಬುಡದಲ್ಲಿ ಬಾವಿ ಇದ್ದರೆ ಇದೂ ಬೇಡ, ಬ್ಲೀಚಿಂಗ್ ಪೌಡರೂ ಬೇಡ. ಉಜ್ಜುವುದೊಂದೇ ದಾರಿ.

ಹೀಗೆ ಮಾಡಿದ ಮೇಲೂ ಮಳೆಗಾಲದ ನಡುವೆ ಪಾಚಿ ಮತ್ತೆ ಬರುತ್ತದೆ. ನೀರು, ನೆರಳು ಎರಡೂ ಹಾಗೆಯೇ ಇವೆಯಲ್ಲ. ಮೆಟ್ಟಿಲಿನ ಮೇಲೆ ಬಾಗಿದ ಕೊಂಬೆಯನ್ನು ಕಡಿಸುವುದು, ಸೂರಂಚಿಗೆ ತಗಡಿನದೋ ಅಡಿಕೆ ಮರ ಸೀಳಿದ್ದೋ ಒಂದು ದೋಣಿ ಕಟ್ಟಿ ನೀರನ್ನು ಪಕ್ಕಕ್ಕೆ ಹರಿಸುವುದು, ಇವೆರಡರಿಂದ ಆಗುವಷ್ಟು ಉಪಕಾರ ಹತ್ತು ಸಲ ಉಜ್ಜಿದರೂ ಆಗದು.

ಇಷ್ಟರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯ ಎಂದರೆ ನಾನು ಆರಿಸುವುದು ಹಿಡಿಕೆಯನ್ನು. ಹಳೆಯ ಮನೆಗಳ ಒಳಗಿನ ಮಹಡಿ ಮೆಟ್ಟಿಲಿಗೆ ಹಿಡಿಯಲು ಹಗ್ಗವಾದರೂ ಇರುತ್ತದೆ. ಹೊರಗಿನದಕ್ಕೆ ಏನೂ ಇರುವುದಿಲ್ಲ. ಒಂದು ಕಬ್ಬಿಣದ ಪೈಪು, ಅದೂ ಇಲ್ಲದಿದ್ದರೆ ಗಟ್ಟಿಯಾಗಿ ಹೂಳಿದ ಕಂಬಗಳಿಗೆ ಕಟ್ಟಿದ ನಯವಾದ ಬಿದಿರು, ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿ. ಬೆರಳುಗಳು ಸುತ್ತಿ ಹಿಡಿಯುವಷ್ಟೇ ದಪ್ಪವಿರಬೇಕು. ಮೊದಲ ಮೆಟ್ಟಿಲಿಗಿಂತ ಒಂದು ಹೆಜ್ಜೆ ಮೊದಲೇ ಅದು ಆರಂಭವಾಗಬೇಕು, ಕೊನೆಯ ಮೆಟ್ಟಿಲಿಗಿಂತ ಒಂದು ಹೆಜ್ಜೆ ಮುಂದಕ್ಕೆ ಹೋಗಬೇಕು. ಎರಡು ಕೈಯಲ್ಲೂ ಕೊಡಪಾನ ಹಿಡಿದವರಿಗೆ ಹಿಡಿಕೆಯಿಂದ ಪ್ರಯೋಜನವಿಲ್ಲ ಎಂಬುದೂ ನಿಜ. ಆ ಹೊರೆ ಯಾರ ಪಾಲಿಗೆ ಬರಬೇಕು ಎಂಬುದನ್ನು ಮನೆಯಲ್ಲಿರುವ ಹದಿನೆಂಟು ವರ್ಷದವರು ಯೋಚಿಸಲಿ. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳು ಅಗಲ ಬಿಳಿ ಬಣ್ಣದ ಪಟ್ಟಿ ಬಳಿಯುವುದು ಒಂದು ಮಧ್ಯಾಹ್ನದ ಕೆಲಸ. ನುಣ್ಣನೆಯ ಎಣ್ಣೆಬಣ್ಣ ಬೇಡ, ಅದೂ ಜಾರುತ್ತದೆ. ಬಣ್ಣಕ್ಕೆ ಸ್ವಲ್ಪ ಸಣ್ಣ ಮರಳು ಬೆರೆಸಿ.

ಯಾರಾದರೂ ಬಿದ್ದೇಬಿಟ್ಟರೆ ಕೂಡಲೇ ಕೈಹಿಡಿದು ಎಳೆದು ನಿಲ್ಲಿಸಬೇಡಿ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡರೆ, ಪಾದ ಹೊರಕ್ಕೆ ತಿರುಗಿದ್ದರೆ, ಸೊಂಟದ ಹತ್ತಿರ ನೋವೆಂದರೆ, ತೊಡೆಮೂಳೆ ಮುರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಕಾಲು ಎಳೆದು ಸರಿಮಾಡಿಸುವುದು ಬೇಡವೇ ಬೇಡ. ಮಳೆಯಲ್ಲಿ ನೆನೆಯದಂತೆ ಹೊದಿಸಿ, ಅಲುಗಾಡಿಸದೆ, 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕಾಫಿ ಕುಡಿಸಬೇಡಿ. ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ, ಮಂಕಾದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾಗಿದ್ದರೆ, ಗಾಯ ಎಷ್ಟೇ ಸಣ್ಣದಾಗಿ ಕಾಣಲಿ, ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ನೀವೇ ಮಾಡಬಹುದಾದ ಒಂದು ಪ್ರಯೋಗ. ಮೆಟ್ಟಿಲಿನ ಮೇಲೆ ಅಲ್ಲ, ಜಗಲಿಯಲ್ಲಿ ಕುಳಿತು ಮಾಡುವಂಥದು. ಪಾಚಿ ಕಟ್ಟಿದ ಒಂದು ಚಪ್ಪಟೆ ಕಲ್ಲಿನ ತುಂಡನ್ನು ಹಲಗೆಯ ಮೇಲೆ ಭದ್ರವಾಗಿ ಕಟ್ಟಿ. ಅದರ ಮೇಲೆ ಹವಾಯಿ ಚಪ್ಪಲಿ, ಚಪ್ಪಲಿಯ ಮೇಲೆ ಅರ್ಧ ಇಟ್ಟಿಗೆ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ, ಚಪ್ಪಲಿ ಜಾರಿದ ಕ್ಷಣದಲ್ಲಿ ನಿಲ್ಲಿಸಿ. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಆ ತುದಿಯ ನೇರ ಕೆಳಗಿನ ಬಿಂದುವಿನಿಂದ ಹಲಗೆಯ ಇನ್ನೊಂದು ತುದಿಯವರೆಗೆ ನೆಲದ ಮೇಲಿನ ದೂರವನ್ನೂ ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಎತ್ತರ 30, ದೂರ 50 ಸೆಂಟಿಮೀಟರ್ ಆದರೆ 0.6. ಕಲ್ಲು ಒಣಗಿದ್ದಾಗ ಒಮ್ಮೆ, ನೀರು ಹಾಕಿ ಅರ್ಧ ಗಂಟೆ ಬಿಟ್ಟು ಲೋಳೆ ಉಬ್ಬಿದ ಮೇಲೆ ಒಮ್ಮೆ, ಉಜ್ಜಿ ತೊಳೆದು ಒಮ್ಮೆ ಮಾಡಿ. ಸವೆದ ಚಪ್ಪಲಿ, ಗೀರುಳ್ಳ ಚಪ್ಪಲಿ ಎರಡರಲ್ಲೂ ಮಾಡಿ. ನಿಧಾನವಾಗಿ ಎತ್ತುವ ಹಲಗೆಗೆ ನಡೆಯುವ ಕಾಲಿನ ಅವಸರವಿಲ್ಲ, ನೀರಿನ ಪದರಕ್ಕೆ ಹೊರಗೆ ಹರಿಯಲು ಸಮಯ ಸಿಗುತ್ತದೆ. ಆದ್ದರಿಂದ ನಿಮಗೆ ಸಿಗುವ ಅಂಕಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ ಎಂಬುದನ್ನು ಪುಟದ ಅಂಚಿನಲ್ಲಿ ಬರೆದುಕೊಳ್ಳಿ.

ಅದೇ ಪುಟದಲ್ಲಿ ನಿಮ್ಮ ಮನೆಯ ಮೆಟ್ಟಿಲುಗಳ ಎತ್ತರ, ಅಗಲಗಳನ್ನು ಒಂದೊಂದಾಗಿ ಬರೆಯಿರಿ. ಎದುರಿಗೆ ಒಂದು ಅಂಕಣ ಖಾಲಿ ಬಿಡಿ. ಅದನ್ನು ಅಜ್ಜಿಯನ್ನು ಕೇಳಿ ತುಂಬಬೇಕು. ಯಾವ ಮೆಟ್ಟಿಲಿಗೆ ಹೆದರಿಕೆ ಎಂದು ಕೇಳಿ. ಮೊದಲು "ಎಂಥದೂ ಇಲ್ಲ, ನನಗೆ ರೂಢಿ" ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ.